ಆಯುಸ್ಸಿಗೆ ರೀಟೇಕ್ ಇಲ್ಲ!

ಹೀರೋ ಬೀಡಿ ಹಚ್ಚುತ್ತಾನೆ. ಅದೇ ಬೆಂಕಿಕಡ್ಡಿಯಲ್ಲಿ ಡೈನಮೈಟಿನ ಬತ್ತಿಯನ್ನೂ ಹಚ್ಚುತ್ತಾನೆ. ಹಿಂದಕ್ಕೆ ತಿರುಗಿ ನೋಡದೆ ನಡೆದು ಬರುತ್ತಾನೆ. ಬೆನ್ನ ಹಿಂದೆ ಬಂಡೆ ಢಮಾರ್! ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ, ಚಪ್ಪಾಳೆ, ಚಿಲ್ಲರೆ ಕಾಸಿನ ಸುರಿಮಳೆ!

ನಾನೂ ಶಿಳ್ಳೆ ಹೊಡೆಯುವವನೇ ಕಣ್ರೀ, ಸುಳ್ಳು ಯಾಕೆ ಹೇಳಲಿ? ಆದರೆ ಮಂಡಿಕಲ್ ಕಡೆಯ ಹುಡುಗರು ಆ ಸೀನಿಗೆ ಒಳಗೊಳಗೇ ನಗುತ್ತಾರೆ. ಬಂಡೆ ಕೆಲಸ ಕಂಡ ಊರುಗಳು ಇವು. ಬತ್ತಿ ಹಚ್ಚಿದವನು ಠೀವಿಯಿಂದ ನಡೆಯೋದಿಲ್ಲ ಅಂತ ಅವರಿಗೆ ಗೊತ್ತು!

2021ರ ಫೆಬ್ರವರಿ 22 ಮುಗಿದು 23 ಹುಟ್ಟುವ ನಡುರಾತ್ರಿ. ಪೇರೇಸಂದ್ರದ ಹತ್ತಿರದ ಹಿರೇನಾಗವಲ್ಲಿ. ಕ್ವಾರಿಗೆಂದು ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ಪೊಲೀಸರ ಭಯಕ್ಕೆ ಕತ್ತಲಲ್ಲಿ ಸಾಗಿಸಿ ವಿಲೇವಾರಿ ಮಾಡಲು ಹೋದಾಗ ಸಿಡಿದವು ಎಂದು ಆಗ ಅಧಿಕಾರಿಗಳು ಹೇಳಿದರು. ಆರು ಜನ ಹೋದರು. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಜನವರಿ 21ರ ರಾತ್ರಿ, ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಮಲೆನಾಡೇ ನಡುಗಿತ್ತು. ಆ ಪಾಠ ಇಲ್ಲಿಗೆ ಬಂದು ಮುಟ್ಟಲಿಲ್ಲ. ಯಾಕೆ ಗೊತ್ತೆ? ಪಾಠ ತಾನಾಗಿ ನಡೆದು ಬರೋದಿಲ್ಲ. ಅದನ್ನು ಹೊತ್ತು ತರಲು ಒಂದು ವ್ಯವಸ್ಥೆ ಬೇಕು.

ಸಿನಿಮಾ ಪತ್ರಿಕೆಯಲ್ಲಿ ಕ್ವಾರಿ ಪುರಾಣ ಯಾಕಪ್ಪ ಅಂತೀರಾ? ತಾಳಿ, ಸ್ಟುಡಿಯೋಗೇ ಬರುತ್ತೇನೆ.

ಪೋಸ್ಟರಿನಲ್ಲಿ ಇಲ್ಲದ ಹೆಸರುಗಳು

1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೋ. ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟು. ಗೋಡೆಗೆ ಗೋಣಿತಾಟು, ಮೇಲೆ ಕಾಯುತ್ತಿದ್ದ ದೊಡ್ಡ ದೊಡ್ಡ ಲೈಟುಗಳು, ಸಡಿಲ ವೈರಿಂಗು. ಗಾಳಿ ಆಡಲು ಕಿಂಡಿ ಇಲ್ಲ, ಬೆಂಕಿ ಆರಿಸುವ ಸಾಧನ ಸಾಲದು. ಹತ್ತಿಕೊಂಡ ಬೆಂಕಿಗೆ 62 ಜನ ಆಹುತಿ! ನಾಯಕ ಸಂಜಯ್ ಖಾನ್ ಮೈ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಎದ್ದು ಬಂದರು. ಅವರ ಹೆಸರು ಎಲ್ಲರಿಗೂ ಗೊತ್ತು. ಸತ್ತ 62 ಜನರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ?

2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ, ‘ಮಾಸ್ತಿಗುಡಿ’ ಕ್ಲೈಮ್ಯಾಕ್ಸ್. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ವಿಜಯ್ ದಡ ಸೇರಿದರು. ಅನಿಲ್, ಉದಯ್ ಮೇಲೆ ಬರಲೇ ಇಲ್ಲ. ಅವರಿಬ್ಬರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಈಜು ಅಷ್ಟಕ್ಕಷ್ಟೇ ಅಂತ ಹಾರುವ ಮುಂಚೆ ಟಿವಿಯವರ ಮುಂದೆ ಮಾತು ಬಂದಿತ್ತು. ಊರಿಗೇ ಕೇಳಿಸಿದ ಮಾತದು. ಅದನ್ನು ಕೇಳಿ ‘ಹಾಗಾದರೆ ಶಾಟ್ ಬೇಡ’ ಎನ್ನುವ ಅಧಿಕಾರ ಸೆಟ್ಟಿನಲ್ಲಿ ಯಾರಿಗಿತ್ತು?

2019ರ ಮಾರ್ಚಿನಲ್ಲಿ ಬೆಂಗಳೂರಿನ ಬಾಗಲೂರು ಹತ್ತಿರ ‘ರಣಂ’ ಶೂಟಿಂಗಿನಲ್ಲಿ ಸಿಲಿಂಡರ್ ಸಿಡಿದು, ನೋಡಲು ನಿಂತಿದ್ದ ತಾಯಿ ಮತ್ತು ಪುಟ್ಟ ಮಗಳು ತೀರಿಕೊಂಡರು. 2021ರ ಆಗಸ್ಟಿನಲ್ಲಿ ಬಿಡದಿ ಬಳಿ ‘ಲವ್ ಯೂ ರಚ್ಚು’ ಫೈಟಿನಲ್ಲಿ ಕರೆಂಟ್ ಹೊಡೆದು ಒಬ್ಬ ಫೈಟರ್ ಹೋದ. 2024ರ ಸೆಪ್ಟೆಂಬರಿನಲ್ಲಿ ‘ಮನದ ಕಡಲು’ ಸೆಟ್ಟಿನಲ್ಲಿ ಏಣಿಯಿಂದ ಬಿದ್ದು ಒಬ್ಬ ಲೈಟ್ ಬಾಯ್ ಹೋದ.

ಕ್ವಾರಿಯೋ, ಸೆಟ್ಟೋ, ಕಥೆ ಒಂದೇ. ಬತ್ತಿ ಹಚ್ಚುವವನು ಬೇರೆ, ಲಾಭ ಎಣಿಸುವವನು ಬೇರೆ, ಸಾಯುವವನು ಮಾತ್ರ ಯಾವಾಗಲೂ ಪೋಸ್ಟರಿನಲ್ಲಿ ಹೆಸರಿಲ್ಲದವನು!

ಡೈರೆಕ್ಟರಿಗೆ ಗೊತ್ತಿರುವ ವಿದ್ಯೆಯೇ

‘ಸುರಕ್ಷತಾ ವ್ಯವಸ್ಥೆ’ ಅಂದರೆ ಹೆಲ್ಮೆಟ್ ಹಂಚಿ ಫೋಟೋ ತೆಗೆಸಿಕೊಳ್ಳುವುದಲ್ಲ ಮಿತ್ರರೇ. ಇದಕ್ಕೆ ಜಗತ್ತಿಗೆಲ್ಲ ಒಂದು ಮಾನದಂಡ ಇದೆ: ಐಎಸ್ಒ 45001. 2018ರಲ್ಲಿ ಬಂತು. ಹೆಸರು ಕೇಳಿ ಹೆದರಬೇಡಿ. ಅದರ ನಾಲ್ಕು ಮೆಟ್ಟಿಲು ಗಾಂಧಿನಗರದ ಪ್ರತಿ ಡೈರೆಕ್ಟರಿಗೂ ಗೊತ್ತಿರುವುದೇ. ಮೊದಲು ಸ್ಕ್ರಿಪ್ಟು: ಏನು ಅಪಾಯ, ಯಾರು ಹೊಣೆ ಅಂತ ಬರೆದಿಡು. ಆಮೇಲೆ ಶೂಟಿಂಗು: ಬರೆದ ಹಾಗೇ ಮಾಡು. ಮೂರನೆಯದು ರಶಸ್: ಮಾಡಿದ್ದು ಸರಿಯಾಯಿತಾ ಅಂತ ಕೂತು ನೋಡು. ಕೊನೆಗೆ ರೀಟೇಕು: ತಪ್ಪಿದ್ದನ್ನು ತಿದ್ದು. ಮುಂದಿನ ಪಿಕ್ಚರಿಗೆ ಮತ್ತೆ ಸ್ಕ್ರಿಪ್ಟಿನಿಂದ ಶುರು.

ಅಪಾಯ ತಡೆಯೋದಕ್ಕೂ ಒಂದು ವರಸೆ ಇದೆ. ಮೊದಲು, ಆ ಅಪಾಯವೇ ಬೇಡ ಅನ್ನಲು ಆಗುತ್ತಾ ನೋಡು. ಆಗದಿದ್ದರೆ ಬದಲಿ ದಾರಿ ಹುಡುಕು. ಆಮೇಲೆ ಯಂತ್ರ, ಬೇಲಿ. ಆಮೇಲೆ ನಿಯಮ, ತರಬೇತಿ. ಹೆಲ್ಮೆಟ್ಟು, ಜಾಕೆಟ್ಟು, ಬೆಲ್ಟು ಕಟ್ಟಕಡೆಗೆ. ನಮ್ಮಲ್ಲಿ ಆ ಕಟ್ಟಕಡೆಯದೂ ಇರೋದಿಲ್ಲ!

ಕ್ವಾರಿಗೆ ಇದನ್ನು ಹೊಂದಿಸಿ ನೋಡಿ. ಮದ್ದು ಹಾರಿಸುವವನಿಗೆ ಬ್ಲಾಸ್ಟರ್ ಸರ್ಟಿಫಿಕೇಟು ಇರಬೇಕು. ಜಿಲೆಟಿನ್ನೂ ಡಿಟೋನೇಟರೂ ಒಂದೇ ಪೆಟ್ಟಿಗೆಯಲ್ಲಿ ಸೇರಬಾರದು. ಹಾರಿಸುವ ಮುಂಚೆ ಎಚ್ಚರಿಕೆ ಕೂಗಬೇಕು. 1961ರ ಗಣಿ ನಿಯಮಾವಳಿ ಅಪಾಯ ವಲಯವನ್ನು 300 ಮೀಟರ್ ಎಂದು ಹೇಳಿತ್ತು. ಸದ್ದುಗಳನ್ನು ಎಣಿಸಬೇಕು. ಎಂಟು ಕುಳಿಗೆ ಮದ್ದು ತುಂಬಿ ಏಳೇ ಢಂ ಕೇಳಿಸಿದರೆ, ಎಂಟನೆಯದು ಒಳಗೆ ಜೀವಂತ ಕೂತಿದೆ ಅಂತ ಅರ್ಥ. ಸರದಿ ಬದಲಾಗುವಾಗ ಮುಂದಿನವನಿಗೆ ಅದು ಬರಹದಲ್ಲಿ ಸಿಗಬೇಕು. ಉಳಿದ ಮದ್ದನ್ನು ಕಾಡಿಗೆ ಎಸೆಯುವಂತಿಲ್ಲ. ಅದನ್ನು ನಾಶ ಮಾಡಲು ಲೈಸೆನ್ಸು, ಕ್ರಮ, ಅಧಿಕಾರಿಗಳು ಇದ್ದಾರೆ.

ಹಿರೇನಾಗವಲ್ಲಿಯ ರಾತ್ರಿಗೂ ಈ ಕೊನೆಯ ಸಾಲಿಗೂ ಇರುವ ದೂರವನ್ನು ಒಮ್ಮೆ ಯೋಚಿಸಿ. ಬಂದೋಬಸ್ತಿನ ದಾಸ್ತಾನು ಕೋಣೆ, ಒಂದು ರಿಜಿಸ್ಟರು, ಹಗಲು ಹೊತ್ತು... ಇಷ್ಟಿದ್ದರೆ ಸಾಕಿತ್ತು ಅನ್ನಿಸೋದಿಲ್ಲವೆ?

‘ಕೆಜಿಎಫ್’ನ ಅಸಲಿ ಕಥೆ

‘ಕೆಜಿಎಫ್’ ಎರಡು ಭಾಗವನ್ನೂ ನೋಡಿದ್ದೀರಿ. ನರಾಚಿ ಕಟ್ಟುಕಥೆ. ನಿಜವಾದ ಚಿನ್ನದ ಗಣಿ ಹಳೇ ಕೋಲಾರ ಜಿಲ್ಲೆಯಲ್ಲೇ ಇತ್ತು. 2007ರವರೆಗೆ ನಮ್ಮ ಚಿಕ್ಕಬಳ್ಳಾಪುರವೂ ಅದೇ ಜಿಲ್ಲೆ ತಾನೆ? ಆ ಗಣಿಯಲ್ಲಿ 1897ರಲ್ಲಿ ನಡೆದ ದುರಂತಕ್ಕೆ 52 ಜನ ಬಲಿಯಾದರು. ಆಮೇಲೆ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಸಾವು. ಈ ಎರಡು ಪೆಟ್ಟು ಬಿದ್ದ ಮೇಲೆ 1901ರಲ್ಲಿ ದೇಶಕ್ಕೆ ಗಣಿ ಕಾಯಿದೆ ಬಂತು. 1902ರ ಜನವರಿ 7ರಂದು ಕಲ್ಕತ್ತೆಯಲ್ಲಿ ಗಣಿ ತಪಾಸಣೆಯ ಕಚೇರಿ ಶುರುವಾಯಿತು. ಇವತ್ತು ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮೂಲ ಅದೇ. ಅಂದರೆ ದೇಶದ ಗಣಿ ಕೂಲಿಗಳ ಜೀವ ಕಾಯುವ ಕಾನೂನಿನ ಮೊದಲ ರೀಲು ಬರೆದದ್ದು ನಮ್ಮ ಸೀಮೆಯ ರಕ್ತ!

ಇದು ಯಾವ ಪ್ರಶಾಂತ್ ನೀಲ್ ಪಿಕ್ಚರಿಗೂ ಕಡಿಮೆಯ ಕಥೆಯಲ್ಲ. ಆದರೆ ಇದಕ್ಕೆ ಶಿಳ್ಳೆ ಬಿದ್ದಿಲ್ಲ.

ಕೆಲಸಕ್ಕೆ ಸೇರುವ ಮುಂಚೆ

ಈಗ ಕಾನೂನು ಹೊಸದು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020. ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ನೇಮಕದ ಪತ್ರ ಕೊಡಬೇಕು ಅನ್ನುತ್ತದೆ. ಸುರಕ್ಷತೆಯ ಖರ್ಚನ್ನು ಕೆಲಸಗಾರನ ಕೂಲಿಯಲ್ಲಿ ಮುರಿಯಬಾರದು ಅನ್ನುತ್ತದೆ. ಪ್ರಾಣಾಪಾಯ ಎದುರಿಗಿದೆ ಅಂತ ನಿಮಗೆ ಅನ್ನಿಸಿದರೆ ಮಾಲೀಕನಿಗೆ ತಿಳಿಸುವ ಹಕ್ಕು ನಿಮ್ಮದು. ಕೂಡಲೇ ಸರಿಪಡಿಸುವ ಹೊಣೆ ಅವನದು. ಸಿನಿಮಾ, ಧಾರಾವಾಹಿ ಕೆಲಸಗಾರರಿಗೂ ಬರಹದ ಕರಾರು ಇರಬೇಕು. ಅದರಲ್ಲಿ ಸುರಕ್ಷತೆಯ ಮಾತೂ ಇರಬೇಕು.

ಕಾನೂನಿನ ಹಾಳೆ ತಾನಾಗಿ ಬಂದು ಯಾರ ಕೈಯನ್ನೂ ಹಿಡಿಯೋದಿಲ್ಲ, ನಿಜ. ಆದ್ದರಿಂದ ಪೇರೇಸಂದ್ರ ಕ್ರಾಸಿನಲ್ಲಿ ಬಸ್ಸು ಹತ್ತಿ ಕ್ವಾರಿಗೋ ಕ್ರಷರಿಗೋ ಹೋಗುವ ತಮ್ಮಂದಿರೇ, ಫೈಟರೋ ಲೈಟ್ ಬಾಯೋ ಆಗಬೇಕು ಅಂತ ಗಾಂಧಿನಗರಕ್ಕೆ ಹೊರಟವರೇ, ಮೇಸ್ತ್ರಿಯನ್ನು ಮೂರು ಮಾತು ಕೇಳಿ. ಅಣ್ಣ, ಇಲ್ಲಿ ಅಪಾಯ ಏನೇನಿದೆ? ಏನಾದರೂ ಆದರೆ ಯಾರು ಹೊಣೆ, ಅವರ ಹೆಸರು ಎಲ್ಲಿ ಬರೆದಿದೆ? ‘ಬೇಡ’ ಅಂದರೆ ನನ್ನ ಕೂಲಿ ಉಳಿಯುತ್ತಾ?

ಒಬ್ಬನೇ ಕೇಳಿದರೆ ಪುಕ್ಕಲ ಅಂತಾರೆ. ಅದಕ್ಕೇ ಹತ್ತು ಜನ ಸೇರಿ ಕೇಳಿ. ಹೀರೋ ಬತ್ತಿ ಹಚ್ಚಿ ನಡೆದು ಬರಲಿ, ಅದು ಸಿನಿಮಾ, ಶಿಳ್ಳೆ ಹೊಡೆಯೋಣ. ನೀವು ಮಾತ್ರ ಆ ಎಂಟನೇ ಸದ್ದನ್ನು ಎಣಿಸದೆ ಬಂಡೆ ಹತ್ತಬೇಡಿ.