ಗೆಳತಿಯೇ ಅಡಮಾನ: ಬಡವರ ಮನೆ ಬಜೆಟ್ ನಡೆಯೋದು ಯಾರ ನಂಬಿಕೆ ಮೇಲೆ?

ನಮ್ಮಲ್ಲಿ ಬಜೆಟ್ ಬಗ್ಗೆ ಮಾತು ಜೋರಾಗೋದು ವರ್ಷಕ್ಕೆ ಎರಡೇ ಸಲ. ಫೆಬ್ರವರಿಯಲ್ಲಿ ದಿಲ್ಲಿಯದು, ಆಮೇಲೆ ವಿಧಾನಸೌಧದ್ದು. ಆದರೆ ಪ್ರತಿ ತಿಂಗಳೂ ಮಂಡನೆಯಾಗುವ ಇನ್ನೊಂದು ಬಜೆಟ್ ಇದೆ. ಅದರ ಬಗ್ಗೆ ಯಾವ ಚಾನೆಲ್ಲೂ ಚರ್ಚೆ ಇಡಲ್ಲ. ಅದನ್ನು ಮಂಡಿಸುವವಳು ಬಹುತೇಕ ಮನೆಯ ಹೆಂಗಸು. ಕೊರತೆ ಬಿದ್ದಾಗ ಅವಳು ಹೋಗೋದು ದೇವರ ಮುಂದೆ, ಇಲ್ಲವೇ ಪಕ್ಕದ ಮನೆಯ ಗೆಳತಿಯ ಹತ್ತಿರ.

ಇದನ್ನು 'ಹಣಕಾಸು ಸಾಕ್ಷರತೆ ಇಲ್ಲದವರ ಪಾಡು' ಅಂತ ತಳ್ಳಿಹಾಕೋದು ಸುಲಭ. ಆದರೆ ಲೆಕ್ಕ ಹಾಕಿ ನೋಡಿದರೆ ಬೇರೆಯದೇ ಕಥೆ ಕಾಣುತ್ತೆ.

ಒಂದು ಮನೆಯ ಲೆಕ್ಕ

ಬೆಂಗಳೂರಿನ ಪೀಣ್ಯದ ಕಡೆ ಇರುವ ಒಂದು ಕುಟುಂಬ ಅಂದುಕೊಳ್ಳಿ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಕೈಗೆ 13,000 ಬರುತ್ತೆ. ಗಂಡ ಪೇಂಟಿಂಗ್ ಕೆಲಸ ಮಾಡ್ತಾನೆ. ದಿನಕ್ಕೆ 800ರಂತೆ ತಿಂಗಳಿಗೆ 15 ದಿನ ಕೆಲಸ ಸಿಕ್ಕರೆ 12,000. ಒಟ್ಟು 25,000 ರೂಪಾಯಿ.

ಖರ್ಚು ನೋಡಿ. ಬಾಡಿಗೆ, ಕರೆಂಟು, ನೀರು 6,500. ದಿನಸಿ, ತರಕಾರಿ, ಗ್ಯಾಸ್ 8,500. ಮಕ್ಕಳ ಶಾಲೆ 2,500. ಓಡಾಟ ಮತ್ತು ಫೋನು 1,500. ಔಷಧಿ 1,000. ಊರಲ್ಲಿರುವ ಅಪ್ಪ-ಅಮ್ಮನಿಗೆ 2,000. ಎಲ್ಲ ಸೇರಿ 22,000 ಆಯ್ತು. ಉಳಿದಿದ್ದು 3,000. ಗೃಹಲಕ್ಷ್ಮಿಯ 2,000 ಬಂದರೆ 5,000.

ಕಾಗದದ ಮೇಲೆ ಇದು ಉಳಿತಾಯದ ಬಜೆಟ್. ಹಾಗಿದ್ದರೆ ಸಾಲ ಯಾಕೆ? ಯಾಕಂದ್ರೆ ದುಡ್ಡು ಬರುವ ತಾರೀಖಿಗೂ ದುಡ್ಡು ಬೇಕಾಗುವ ತಾರೀಖಿಗೂ ಹೊಂದಿಕೆ ಇಲ್ಲ. ಮಳೆಗಾಲದಲ್ಲಿ ಪೇಂಟಿಂಗ್ ಕೆಲಸ ಐದೇ ದಿನ ಸಿಗಬಹುದು. ಶಾಲೆ ಫೀಸು ಕಟ್ಟಬೇಕಾಗಿರೋದು ಜೂನ್‌ನಲ್ಲಿ. ಜ್ವರ, ಹೆರಿಗೆ, ಸಾವು ಯಾವುದೂ ಸಂಬಳದ ದಿನ ನೋಡಿಕೊಂಡು ಬರಲ್ಲ.

ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾದ 250ಕ್ಕೂ ಹೆಚ್ಚು ಬಡ ಕುಟುಂಬಗಳ ಹಣದ ವಹಿವಾಟನ್ನು ತಿಂಗಳುಗಟ್ಟಲೆ ಡೈರಿಯಂತೆ ಬರೆದಿಟ್ಟು ಮಾಡಿದ ಅಧ್ಯಯನವೊಂದು 2009ರಲ್ಲಿ 'ಪೋರ್ಟ್‌ಫೋಲಿಯೋಸ್ ಆಫ್ ದಿ ಪೂರ್' ಎಂಬ ಪುಸ್ತಕವಾಗಿ ಬಂತು. ಅದು ಹೇಳಿದ್ದೂ ಇದನ್ನೇ. ಬಡವರ ಆದಾಯ ಕಡಿಮೆ ಅನ್ನೋದು ಸಮಸ್ಯೆಯ ಒಂದು ಭಾಗ ಮಾತ್ರ. ಅದು ಅನಿಶ್ಚಿತ ಅನ್ನೋದು ಇನ್ನೊಂದು ಭಾಗ. ಹಾಗಾಗಿ ಹಣವನ್ನು ಸಂಭಾಳಿಸುವ ಕೆಲಸ ಅವರಿಗೆ ಉಳ್ಳವರಿಗಿಂತ ಹೆಚ್ಚು. ಅದಕ್ಕೆ ಅವರು ಬಳಸುವ ಮುಖ್ಯ ದಾರಿಗಳಲ್ಲಿ ಒಂದು ನೆಂಟರು, ನೆರೆಹೊರೆಯವರ ನಡುವಿನ ಬಡ್ಡಿಯಿಲ್ಲದ ಕೈಗಡ.

ದೇವರ ಡಬ್ಬಿ ಮಾಡುವ ಕೆಲಸ

ನಂಬಿಕೆ ಬಜೆಟ್ಟಿನೊಳಗೆ ಹೇಗೆ ಬರುತ್ತೆ? ಮುಡಿಪು ನೆನಪಿಸಿಕೊಳ್ಳಿ. ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮುಂದೆ ಇಡ್ತಾರೆ. ಆ ದುಡ್ಡನ್ನು ಗಂಡ ಕುಡಿಯೋದಕ್ಕೆ ಕೇಳಲ್ಲ, ಮಗ ಮೊಬೈಲ್ ರೀಚಾರ್ಜಿಗೆ ಮುಟ್ಟಲ್ಲ. ಬ್ಯಾಂಕು ಫಿಕ್ಸೆಡ್ ಡೆಪಾಸಿಟ್‌ಗೆ ಹಾಕುವ ಬೀಗ ಇದೇ ತಾನೆ? ಎಷ್ಟೋ ಮನೆಗಳಲ್ಲಿ ಸಾಸಿವೆ ಡಬ್ಬಿಯ ದುಡ್ಡಿಗಿಂತ ದೇವರ ಡಬ್ಬಿಯ ದುಡ್ಡು ಹೆಚ್ಚು ಭದ್ರ.

ಇಸ್ಲಾಮಿನಲ್ಲಿ ನಿಗದಿತ ಮಿತಿ ಮೀರಿದ ಉಳಿತಾಯದ ಮೇಲೆ ಶೇ 2.5ರಷ್ಟು ಝಕಾತ್ ಕಡ್ಡಾಯ. ಬಡ್ಡಿ ಇಲ್ಲದೆ ಕೊಡುವ ಸಾಲಕ್ಕೆ ಕರ್ಜೆ ಹಸನಾ ಅಂತಲೇ ಹೆಸರಿದೆ. ಇವುಗಳಲ್ಲಿ ಭಕ್ತಿಯೂ ಇದೆ, ಲೆಕ್ಕವೂ ಇದೆ.

12ನೇ ಶತಮಾನದ ಶರಣರ ಕಥನದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಇದನ್ನು ಬಡತನದ ವೈಭವೀಕರಣ ಅಂತ ಓದಬೇಕಿಲ್ಲ. ಮನೆಗೆ ಎಷ್ಟು ಸಾಕು ಅನ್ನೋದನ್ನು ಇಲ್ಲಿ ತೀರ್ಮಾನಿಸಿದ್ದು ಹೆಂಡತಿ. ಉಳಿದದ್ದು ಬೇರೆಯವರ ಪಾಲು ಅನ್ನುವ ಲೆಕ್ಕವೂ ಅದರೊಳಗಿದೆ.

ಗೆಳತಿಯರೇ ಬ್ಯಾಂಕು

ಇನ್ನು ಸ್ನೇಹದ ಮಾತು. ಹೊಲದಲ್ಲಿ ಮುಯ್ಯಾಳು ಪದ್ಧತಿ ಇತ್ತು: ಇವತ್ತು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಮದುವೆಯಲ್ಲಿ ಮುಯ್ಯಿ ಬರೆಸ್ತೀವಲ್ಲ, ಅದೂ ಇದರ ಇನ್ನೊಂದು ರೂಪ. ಯಾರು ಎಷ್ಟು ಹಾಕಿದರು ಅಂತ ಪುಸ್ತಕದಲ್ಲಿ ಬರೆದಿಡೋದು ವಾಪಸ್ ಕೊಡೋದಕ್ಕೇ.

ನಗರಕ್ಕೆ ಬಂದಾಗ ಇದೇ ಚೀಟಿ ಆಯ್ತು. 20 ಜನ ತಿಂಗಳಿಗೆ 2,000ದಂತೆ ಹಾಕಿದರೆ 40,000 ಸೇರುತ್ತೆ. ತುರ್ತು ಇರುವವಳು 32,000ಕ್ಕೆ ಕೂಗಿ ಎತ್ತುತ್ತಾಳೆ ಅಂದುಕೊಳ್ಳಿ. ಅವಳು ಬಿಟ್ಟ 8,000 ಎಲ್ಲರಿಗೂ ಹಂಚಿಕೆ ಆಗಿ ತಲಾ 400 ಬರುತ್ತೆ, ಆ ತಿಂಗಳು ಉಳಿದವರು 1,600 ಕಟ್ಟಿದರೆ ಸಾಕು. ಬೇಗ ಎತ್ತಿದವಳಿಗೆ ಅದು ಸಾಲ, ಕೊನೆಗೆ ಎತ್ತಿದವಳಿಗೆ ಉಳಿತಾಯ. ಪ್ಯಾನ್ ಕಾರ್ಡ್ ಬೇಡ, ಸಿಬಿಲ್ ಸ್ಕೋರ್ ಬೇಡ. 'ಇವಳು ಓಡಿಹೋಗಲ್ಲ' ಅನ್ನುವ ಮಾತೊಂದೇ ಶ್ಯೂರಿಟಿ.

ನಂಬಿಕೆ ಎಲ್ಲಿ ಸೋಲುತ್ತೆ?

ಇಷ್ಟಕ್ಕೇ ನಿಲ್ಲಿಸಿದರೆ ಇದು ಹಳ್ಳಿಯ ಹಳೆ ಕಾಲ ಎಷ್ಟು ಚೆಂದ ಅನ್ನುವ ಲೇಖನ ಆಗುತ್ತೆ. ವಾಸ್ತವ ಹಾಗಿಲ್ಲ.

ಮೊದಲನೆಯದು, ಬಡವರ ಗೆಳೆಯರೂ ಬಡವರೇ. ಬರ ಬಂದರೆ ಇಡೀ ಊರಿಗೆ ಬರ. ಫ್ಯಾಕ್ಟರಿ ಮುಚ್ಚಿದರೆ ಇಡೀ ಲೈನಿನವರಿಗೆ ಕೆಲಸ ಇಲ್ಲ. ಎಲ್ಲರೂ ಒಟ್ಟಿಗೆ ಮುಳುಗುವಾಗ ಯಾರು ಯಾರ ಕೈ ಹಿಡೀತಾರೆ? ಲಾಕ್‌ಡೌನ್ ಇದನ್ನು ಚೆನ್ನಾಗಿಯೇ ಕಲಿಸಿತು. ಎರಡನೆಯದು, ಕೈಗಡದ ಜಾಲಕ್ಕೂ ಜಾತಿ, ಕೇರಿ, ಗಂಡು-ಹೆಣ್ಣಿನ ಗಡಿಗಳಿವೆ. ಯಾರ ಗೆಳೆಯರ ಹತ್ತಿರ ದುಡ್ಡಿದೆ ಅನ್ನೋದು ಅವರ ಅಪ್ಪ-ಅಜ್ಜಂದಿರ ಹತ್ತಿರ ಭೂಮಿ ಇತ್ತಾ ಅನ್ನೋದರ ಮೇಲೆ ನಿಂತಿರುತ್ತೆ. ಮೂರನೆಯದು, ಚೀಟಿ ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರೆ ಪೊಲೀಸ್ ಠಾಣೆಯಲ್ಲಿ ತೋರಿಸೋಕೆ ಕಾಗದ ಇರಲ್ಲ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿಗೆ ಸರ್ಕಾರದ ಪೂರ್ವಾನುಮತಿ ಬೇಕು. ಬೀದಿ ಚೀಟಿಗಳಲ್ಲಿ ಎಷ್ಟಕ್ಕೆ ಅದು ಇದೆ?

ಗೆಳೆತನ ಅಡಮಾನ ಆದಾಗ

ಈ ನಂಬಿಕೆಯ ಬೆಲೆ ಏನು ಅಂತ ಮಾರುಕಟ್ಟೆಗೆ ಬೇಗ ಗೊತ್ತಾಯ್ತು. ಕರ್ನಾಟಕದ ಮೈರಾಡಾ ಸಂಸ್ಥೆ 1980ರ ದಶಕದಲ್ಲಿ ಬೆಳೆಸಿದ ಗುಂಪುಗಳ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರು ಮಾಡಿತು. ಅಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ದುಡ್ಡು ಸಂಘದ್ದು, ತೀರ್ಮಾನವೂ ಸಂಘದ್ದು.

ಮೈಕ್ರೋಫೈನಾನ್ಸ್ ಕಂಪನಿಗಳ ಜಂಟಿ ಹೊಣೆಗಾರಿಕೆ ಗುಂಪು ಹೊರಗಿನಿಂದ ನೋಡೋಕೆ ಹಾಗೇ ಇದೆ, ಒಳಗೆ ಉಲ್ಟಾ. ಇಲ್ಲಿ ಸಂಘದ ಸ್ವಂತ ನಿಧಿ ಇಲ್ಲ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು. 'ಅಡಮಾನ ಇಲ್ಲದ ಸಾಲ' ಅಂತ ಹೇಳ್ತಾರೆ. ಅಡಮಾನ ಇದೆ, ಅವಳ ಗೆಳತಿಯೇ ಅಡಮಾನ. ನಿನ್ನೆವರೆಗೆ ಸಕ್ಕರೆ ಕಡ ಕೊಡ್ತಿದ್ದವಳು ಇವತ್ತು ಬಾಗಿಲ ಮುಂದೆ ನಿಂತು ಕಂತು ಕೇಳುವ ಹಾಗೆ ಈ ವ್ಯವಸ್ಥೆ ಮಾಡುತ್ತೆ. ವಸೂಲಿಯ ಅರ್ಧ ಕೆಲಸವನ್ನು ಕಂಪನಿ ಸಂಬಳವಿಲ್ಲದೆ ಅವಳಿಂದಲೇ ಮಾಡಿಸಿಕೊಳ್ಳುತ್ತೆ.

ಆರ್‌ಬಿಐ ನಿಯಮ ಏನು ಹೇಳುತ್ತೆ? 2022ರ ನಿರ್ದೇಶನದಂತೆ ವಾರ್ಷಿಕ ಆದಾಯ 3 ಲಕ್ಷದವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50 ಮೀರಬಾರದು. ಈಗ ನಮ್ಮ ಪೀಣ್ಯದ ಕುಟುಂಬಕ್ಕೆ ವಾಪಸ್ ಬನ್ನಿ. ತಿಂಗಳಿಗೆ 25,000 ಅಂದರೆ ವರ್ಷಕ್ಕೆ ಸರಿಯಾಗಿ 3 ಲಕ್ಷ. ನಿಯಮದ ಪ್ರಕಾರ ಅವರು 12,500 ರೂಪಾಯಿವರೆಗೆ ಕಂತು ಕಟ್ಟಬಹುದು. ಆದರೆ ಅವರ ಕೈಯಲ್ಲಿ ಉಳಿಯೋದು ಎಲ್ಲ ಸರಿಯಿದ್ದಾಗ 5,000! ಮಿಕ್ಕ 7,500 ಎಲ್ಲಿಂದ ಬರಬೇಕು? ಊಟದಿಂದ, ಶಾಲೆಯಿಂದ, ಇಲ್ಲವೇ ಇನ್ನೊಂದು ಸಾಲದಿಂದ. ನಿಯಮ ಮುರಿಯದೆಯೇ ಒಂದು ಮನೆ ಮುಳುಗಬಹುದು.

ಇದೇ ನಿರ್ದೇಶನ ಸಾಲಗಾರರ ನೆಂಟರು, ಸ್ನೇಹಿತರು, ಸಹೋದ್ಯೋಗಿಗಳಿಗೆ ಕಿರುಕುಳ ಕೊಡೋದನ್ನು ನಿಷೇಧಿಸುತ್ತೆ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಆದರೆ ಜಂಟಿ ಹೊಣೆ ಇರುವ ಕಡೆ ಸ್ನೇಹಿತೆಯ ಮೇಲಿನ ಒತ್ತಡವೇ ವಸೂಲಿಯ ವಿಧಾನ. ಹಾಗಿದ್ದಾಗ ಈ ನಿಷೇಧ ಯಾರನ್ನು ಕಾಪಾಡುತ್ತೆ?

2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಊರು ಬಿಟ್ಟವರ, ಜೀವ ಕಳಕೊಂಡವರ ಸುದ್ದಿ ಬಂದ ಮೇಲೆ ಸರ್ಕಾರ ಸುಗ್ರೀವಾಜ್ಞೆ ತಂತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಫೆಬ್ರವರಿ 12ರಂದು ಸಹಿ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮಾರ್ಚ್‌ನಲ್ಲಿ ಶಾಸನಸಭೆಯೂ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಹೆಜ್ಜೆಯೇ. ಆದರೆ ಅದು ಬಾಗಿಲು ಬಡಿಯುವವನನ್ನು ತಡೆಯುವ ಕಾನೂನು. ಸಾಲ ಬೇಕಾಗುವ ಪರಿಸ್ಥಿತಿಗೆ ಅದರಲ್ಲಿ ಔಷಧಿ ಇಲ್ಲ.

ಹಾಗಾದರೆ ಏನು ಕೇಳಬೇಕು?

ಒಂದು, ಜಂಟಿ ಹೊಣೆ ಕೊನೆಯಾಗಬೇಕು. ಈ ಮಾದರಿಯನ್ನು ಜಗತ್ತಿಗೆ ಪರಿಚಯಿಸಿದ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕೇ ಈಗ ಒಬ್ಬ ಸದಸ್ಯೆಯ ಸಾಲಕ್ಕೆ ಇನ್ನೊಬ್ಬಳು ಹೊಣೆಯಲ್ಲ ಅನ್ನುತ್ತೆ. ನಾವು ಯಾಕೆ ಹಿಡಿದುಕೊಂಡಿರಬೇಕು?

ಎರಡು, ಶೇ 50ರ ಲೆಕ್ಕ ಒಟ್ಟು ಆದಾಯದ ಮೇಲೆ ಅಲ್ಲ, ಬಾಡಿಗೆ ಮತ್ತು ಊಟ ಕಳೆದು ಉಳಿದದ್ದರ ಮೇಲೆ ಆಗಬೇಕು.

ಮೂರು, ಆಸ್ಪತ್ರೆ. ಮನೆ ಬಜೆಟ್ ಒಡೆಯುವ ದೊಡ್ಡ ಪೆಟ್ಟು ಅಲ್ಲಿಂದಲೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ರಾಜ್ಯದಲ್ಲಿ ಬಿಪಿಎಲ್ ಆದಾಯ ಮಿತಿ ವರ್ಷಕ್ಕೆ 1.2 ಲಕ್ಷ. ನಮ್ಮ ಲೆಕ್ಕದ ಕುಟುಂಬ ಅದರ ಆಚೆಗಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತೆ. ಆರ್‌ಬಿಐ ಕಣ್ಣಿಗೆ ಮೈಕ್ರೋಫೈನಾನ್ಸ್ ಸಾಲ ಕೊಡುವಷ್ಟು ಬಡವರಾದ ಇವರು, ಆಹಾರ ಇಲಾಖೆ ಕಣ್ಣಿಗೆ ಬಡವರೇ ಅಲ್ಲ!

ನಾಲ್ಕು, ಸಣ್ಣ ಚೀಟಿಗಳನ್ನು ವಾರ್ಡ್ ಅಥವಾ ಪಂಚಾಯಿತಿ ಕಚೇರಿಯಲ್ಲಿ ಒಂದೇ ಪುಟದ ಅರ್ಜಿಯಲ್ಲಿ ನೋಂದಾಯಿಸುವ ವ್ಯವಸ್ಥೆ ಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ಕೈಗಡ ಕೊಟ್ಟರೆ ತಾರೀಖು, ಮೊತ್ತ ಎರಡನ್ನೂ ಇಬ್ಬರ ಫೋನಲ್ಲೂ ಬರೆದಿಡಿ. ಅದು ಅಪನಂಬಿಕೆ ಅಲ್ಲ, ಮುಯ್ಯಿ ಪುಸ್ತಕದ ಹೊಸ ರೂಪ. ವಾಪಸ್ ಬರದಿದ್ದರೂ ಸ್ನೇಹ ಉಳಿಯುವಷ್ಟು ಮಾತ್ರ ಕೊಡಿ. ಮನೆಯಲ್ಲಿ ಅಮ್ಮನೋ ಅಕ್ಕನೋ ಯಾವ ಗುಂಪಿಗೆ ಸಹಿ ಹಾಕಿದ್ದಾರೆ, ಯಾರ ಸಾಲಕ್ಕೆ ಹೊಣೆ ಆಗಿದ್ದಾರೆ ಅಂತ ಕೂತು ಕೇಳಿ.

ದೇವರ ಮೇಲೆ ಭಾರ ಹಾಕೋದು, ಗೆಳತಿಯ ಹತ್ತಿರ ಕೈ ಚಾಚೋದು ಜನರ ಶಕ್ತಿ. ಅದನ್ನು ಗೌರವಿಸೋಣ. ಆದರೆ ಸರ್ಕಾರ ಹೊರಬೇಕಾದ ಭಾರವನ್ನೂ ಅದೇ ಹೆಗಲ ಮೇಲೆ ಹಾಕಿ, 'ನಮ್ಮ ಹೆಣ್ಣುಮಕ್ಕಳು ಎಷ್ಟು ಗಟ್ಟಿ' ಅಂತ ವೇದಿಕೆಯಲ್ಲಿ ಹೊಗಳುವವರನ್ನು ಪ್ರಶ್ನೆ ಕೇಳೋದು ನಮ್ಮ ಕೆಲಸ.