ಅಯಸ್ಕಾಂತ ಗಟ್ಟಿಯಾದರೆ ಮೋಟಾರ್ ಜೋರಾಗುತ್ತದೆಯೇ?

ಸ್ಲಾಟ್ ಕಾರ್, ಅಂದರೆ ಟ್ರ್ಯಾಕಿನ ಸೀಳಿನಲ್ಲಿ ವಿದ್ಯುತ್ತಿನಿಂದ ಓಡುವ ಆಟಿಕೆ ಕಾರು, ಓಡಿಸುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಅಯಸ್ಕಾಂತ ಬಲವಾದಷ್ಟೂ ಮೋಟಾರ್ ಜೋರು. ಕೇಳಿ ಕೇಳಿ ನನಗೆ ಸಾಕಾಗಿದೆ. ಹಳೆಯ ಮೋಟಾರಿನ ಅಯಸ್ಕಾಂತಕ್ಕೆ ಮತ್ತೆ ಶಕ್ತಿ ತುಂಬಿಸುತ್ತಾರೆ, ಟ್ಯಾಕೋಮೀಟರ್ ಹಿಡಿಯುತ್ತಾರೆ, ಆರ್‌ಪಿಎಂ ಮೊದಲಿಗಿಂತ ಕಡಿಮೆ ಕಂಡೊಡನೆ ಮೋಟಾರ್ ಕೆಟ್ಟಿತೆಂದು ಗೋಳಾಡುತ್ತಾರೆ. ಕೆಟ್ಟಿಲ್ಲ ಮಾರಾಯರೇ, ಆಗಬೇಕಾದ್ದೇ ಆಗಿದೆ.

ಮೋಟಾರಿನೊಳಗೆ ತಿರುಗುವ ಸುರುಳಿ, ಅಂದರೆ ಆರ್ಮೇಚರ್, ಡೈನಮೋ ಕೂಡ ಹೌದು. ಅದು ಹುಟ್ಟಿಸುವ ಎದುರು ವೋಲ್ಟೇಜ್ (ಬ್ಯಾಕ್ ಇಎಂಎಫ್) ಟ್ರ್ಯಾಕಿನ 12 ವೋಲ್ಟನ್ನು ಹೆಚ್ಚುಕಡಿಮೆ ಸರಿಗಟ್ಟಿದಲ್ಲಿಗೆ ವೇಗದ ಏರಿಕೆ ನಿಲ್ಲುತ್ತದೆ. ಅಯಸ್ಕಾಂತದ ಕ್ಷೇತ್ರ ಬಲವಾಗಿದ್ದರೆ ಆ ಮಟ್ಟ ಬೇಗನೆ, ಕಡಿಮೆ ವೇಗದಲ್ಲೇ ಬಂದುಬಿಡುತ್ತದೆ. ಹೊರೆಯಿಲ್ಲದೆ 20,000 ಆರ್‌ಪಿಎಂ ತಿರುಗುವ ಮೋಟಾರಿನ ಕ್ಷೇತ್ರ ಐದನೇ ಒಂದು ಪಾಲು ಕುಗ್ಗಿದರೆ ವೇಗ 25,000ದ ಹತ್ತಿರಕ್ಕೆ ಏರುತ್ತದೆ. ನಿಂತಲ್ಲಿಂದ ಹೊರಡುವ ಟಾರ್ಕ್ ಮಾತ್ರ ಅಷ್ಟೇ ಪಾಲು ಇಳಿದಿರುತ್ತದೆ. ಇನ್ನು ಗರಿಷ್ಠ ಪವರ್ ತೀರ್ಮಾನವಾಗುವುದು ವೋಲ್ಟೇಜ್ ಮತ್ತು ಸುರುಳಿಯ ರೋಧದಿಂದ. ಘರ್ಷಣೆಯ ನಷ್ಟ ಬದಿಗಿಟ್ಟರೆ ಅದರಲ್ಲಿ ಅಯಸ್ಕಾಂತಕ್ಕೆ ಪಾಲಿಲ್ಲ. ಇರುವ ಪವರನ್ನು ವೇಗಕ್ಕೆ ಎಷ್ಟು, ಎಳೆತಕ್ಕೆ ಎಷ್ಟು ಎಂದು ಗೇರಿನಂತೆ ಹಂಚುವುದಷ್ಟೇ ಅದರ ಕೆಲಸ.

ಹಾಗಾದರೆ ಬಲವಾದ ಅಯಸ್ಕಾಂತ ವ್ಯರ್ಥವೇ? ಖಂಡಿತ ಅಲ್ಲ. ಟ್ರಿಗರ್ ಪೂರ್ತಿ ಬಿಟ್ಟಾಗ ಕಂಟ್ರೋಲರ್ ಮೋಟಾರಿನ ಎರಡು ತುದಿಗಳನ್ನು ಶಾರ್ಟ್ ಮಾಡುತ್ತದೆ, ಆರ್ಮೇಚರ್ ಹುಟ್ಟಿಸಿದ ಕರೆಂಟೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಈ ಬ್ರೇಕಿನ ಬಲ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಅದೇ ವೇಗದಲ್ಲಿ ಕ್ಷೇತ್ರ ಶೇ. 10 ಹೆಚ್ಚಿದ್ದರೆ ಬ್ರೇಕ್ ಶೇ. 21 ಹೆಚ್ಚು. ತಿರುವುಗಳೇ ತುಂಬಿದ ಟ್ರ್ಯಾಕಿನಲ್ಲಿ ರೇಸ್ ಗೆಲ್ಲಿಸುವುದು ಇದೇ. ಇದನ್ನು ತೋರಿಸುವ ಶಕ್ತಿ ಆರ್‌ಪಿಎಂ ಮೀಟರಿಗಿಲ್ಲ.

ಅದೇ ಮೀಟರ್ ನೋಡಿಕೊಂಡು ಕೆಲವರು, ಮೋಟಾರ್ ಕಾದ ಮೇಲೆ ಪಳಗಿತು ಎನ್ನುತ್ತಾರೆ. ಲೆಕ್ಕ ಹಾಕಿ. ಫೆರೈಟ್ ಅಯಸ್ಕಾಂತ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.2 ಬಲ ಕಳೆದುಕೊಳ್ಳುತ್ತದೆ, ತಾಮ್ರದ ರೋಧ ಸುಮಾರು ಶೇ. 0.4 ಏರುತ್ತದೆ. 60 ಡಿಗ್ರಿ ಕಾದರೆ ಖಾಲಿ ಓಟದ ವೇಗ ಶೇ. 13ರಷ್ಟು ಏರಬಹುದು, ಆದರೆ ಹೊರಡುವ ಟಾರ್ಕ್ ಶೇ. 30ರ ಹತ್ತಿರ ಕುಸಿಯುತ್ತದೆ, ಗರಿಷ್ಠ ಪವರ್ ಸುಮಾರು ಐದನೇ ಒಂದು ಪಾಲು ಹೋಗುತ್ತದೆ. ಮೀಟರ್ ಹೊಗಳುತ್ತಿರುವಾಗಲೇ ಮೋಟಾರ್ ಸೊರಗುತ್ತಿರುತ್ತದೆ. ಫೆರೈಟಾದರೆ ತಣಿದ ಮೇಲೆ ಚೇತರಿಸಿಕೊಳ್ಳುತ್ತದೆ. ಸಾಧಾರಣ ದರ್ಜೆಯ ನಿಯೋಡಿಮಿಯಮ್ 80 ಡಿಗ್ರಿ ದಾಟಿದರೆ ಕಳೆದುಕೊಂಡ ಬಲ ಪೂರ್ತಿ ಮರಳುವ ಭರವಸೆಯಿಲ್ಲ.

ಮೋಟಾರಿನ ಬಗೆಗಿನ ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕಮ್ಯುಟೇಟರಿಗೆ ಎಣ್ಣೆ ಬಿಟ್ಟರೆ ನುಣುಪಾಗುವುದಿಲ್ಲ, ಬ್ರಶ್ಶಿನ ಪುಡಿ ಸೇರಿ ಸಂದುಗಳಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ಮೋಟಾರನ್ನು ನೀರಿನಲ್ಲಿ ಮುಳುಗಿಸಿ ಪಳಗಿಸುವ ಅಗತ್ಯವಿಲ್ಲ, ಎರಡು ಮೂರು ವೋಲ್ಟಿನಲ್ಲಿ ನೀರಿಲ್ಲದೆ ತಿರುಗಿಸಿದರೂ ಬ್ರಶ್ ಕೂರುತ್ತದೆ, ತುಕ್ಕಿನ ಭಯವೂ ಇರುವುದಿಲ್ಲ.

ಅಯಸ್ಕಾಂತ ಎಂಬ ಹೆಸರು ಕೇಳಿದೊಡನೆ ನಮ್ಮ ಜನ ಯೋಚಿಸುವುದನ್ನೇ ಬಿಡುತ್ತಾರೆ. ಮೈಲೇಜಿಗೆಂದು ಬೈಕಿನ ಪೆಟ್ರೋಲ್ ಪೈಪಿಗೆ ಕಟ್ಟುತ್ತಾರೆ, ಕೀಲುನೋವಿಗೆಂದು ಮಣಿಕಟ್ಟಿಗೆ ಕಟ್ಟುತ್ತಾರೆ. ಕಣ್ಣಿಗೆ ಕಾಣದ ಬಲವಲ್ಲವೇ, ಏನು ಹೇಳಿದರೂ ನಡೆಯುತ್ತದೆ ಎಂಬ ಧೈರ್ಯ ಮಾರುವವನಿಗೆ. ಪರೀಕ್ಷಿಸಿ ನೋಡುವ ತಾಳ್ಮೆ ಕೊಳ್ಳುವವನಿಗೆ ಇಲ್ಲ. ನನಗೆ ಬೇಸರ ತರಿಸುವುದು ಇದು, ಏಕೆಂದರೆ ಪರೀಕ್ಷೆ ಅಷ್ಟು ಸುಲಭ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಆಟಿಕೆ ಮೋಟಾರ್ ತನ್ನಿ. ಅದರ ಶಾಫ್ಟಿಗೊಂದು ಗೇರ್ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ. ಈಗ ಎರಡು ತಂತಿಗಳ ತುದಿ ಒಟ್ಟಿಗೆ ಹೊಸೆದು ಮತ್ತೆ ತಿರುಗಿಸಿ. ಒಳಗಿನಿಂದ ಯಾರೋ ಹಿಡಿದು ಜಗ್ಗಿದಂತಾಗುತ್ತದೆ. ಅಯಸ್ಕಾಂತ ಬಲವಾದಷ್ಟೂ ಆ ಹಿಡಿತ ಬಿಗಿ.