ನೆರೆಮನೆಯ ಬೆಂಕಿಗೆ ಎಷ್ಟು ಕೊಡ ನೀರು?

ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ನೋಡಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ಭದ್ರಾವತಿಯ ಅಪ್ಪ, ಮಗಳು ಕುಳಿತಿದ್ದರು. ಮಗಳು ಪಿಯುಸಿ. ಸಿಂಹದ ಮಾತು ಎರಡೇ ನಿಮಿಷದಲ್ಲಿ ಮುಗಿದು ಕಾಲೇಜಿನ ಚರ್ಚಾಸ್ಪರ್ಧೆಯ ಮಾತು ಶುರುವಾಯಿತು. ಪರದೇಶದ ಜಗಳಕ್ಕೆ ನಮ್ಮ ಸೈನ್ಯ ಕಳಿಸುವುದು ಸರಿಯೇ ಎಂಬುದು ವಿಷಯ. ಆಕೆ ಆರಿಸಿಕೊಂಡ ಉದಾಹರಣೆ ಶ್ರೀಲಂಕಾ.

"ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನೀರು ಹಾಕದೆ ಕೂತಿರೋಕಾಗುತ್ತೇನಮ್ಮ?" ಎಂದರು ಅಪ್ಪ.

"ನೀರು ಹಾಕೋಕೆ ಹೋದವರಲ್ಲೇ ಸುಮಾರು ಸಾವಿರದ ಇನ್ನೂರು ಜನ ವಾಪಸ್ ಬರಲಿಲ್ಲವಲ್ಲ ಅಪ್ಪ?"

ಅಪ್ಪ ಸುಮ್ಮನಾದರು. ನನಗೆ ಸುಮ್ಮನಿರಲಾಗಲಿಲ್ಲ, ನಡುವೆ ಬಾಯಿ ಹಾಕಿದೆ. (ಬಸ್ಸಿನಲ್ಲಿ ಪರರ ಮಾತಿಗೆ ತಲೆ ತೂರಿಸುವುದೂ ಒಂದು ಬಗೆಯ ಹಸ್ತಕ್ಷೇಪವೇ ಅನ್ನಿ!)

ಆ ಹುಡುಗಿ ಹಾಕಿದ್ದು ಶುದ್ಧ ಉಪಯುಕ್ತತಾವಾದದ ಲೆಕ್ಕ. ಒಂದು ಕೆಲಸ ಒಳ್ಳೆಯದೋ ಕೆಟ್ಟದೋ ಎಂಬುದು ಅದರ ಹಿಂದಿನ ಸದುದ್ದೇಶದಿಂದ ತೀರ್ಮಾನವಾಗುವುದಿಲ್ಲ, ಫಲದಿಂದ ತೀರ್ಮಾನವಾಗುತ್ತದೆ. ಹೆಚ್ಚು ಜನರಿಗೆ ಹೆಚ್ಚು ಸುಖ, ಕಡಿಮೆ ನೋವು ಸಿಗಬೇಕು ಎಂದವರು ಇಂಗ್ಲೆಂಡಿನ ಜೆರೆಮಿ ಬೆಂಥಾಮ್. ಕೇಳುವುದಕ್ಕೆ ಸರಳ. ಆದರೆ ಕೂಡಿ ಕಳೆಯುವುದನ್ನು ಯಾವ ದಿನದಿಂದ ಆರಂಭಿಸಿ ಯಾವ ದಿನಕ್ಕೆ ನಿಲ್ಲಿಸಬೇಕು?

ಶ್ರೀಲಂಕಾದ ಲೆಕ್ಕದ ಮೊದಲ ಪುಟ ನಮ್ಮ ಬೆಂಗಳೂರಿನಲ್ಲೇ ಇದೆ. 1987ರ ಜೂನ್ ತಿಂಗಳು. ಜಾಫ್ನಾ ಸುತ್ತ ಲಂಕಾ ಸೇನೆಯ ದಿಗ್ಬಂಧನ. ಒಳಗೆ ತಮಿಳು ಜನಕ್ಕೆ ಅನ್ನಕ್ಕೂ ಔಷಧಿಗೂ ಪರದಾಟ. ರಾಮೇಶ್ವರದಿಂದ ದೋಣಿಗಳಲ್ಲಿ ಕಳಿಸಿದ ನೆರವನ್ನು ಲಂಕಾ ನೌಕಾಪಡೆ ತಡೆದು ಹಿಂದಕ್ಕೆ ಅಟ್ಟಿತು. ಮರುದಿನ, ಜೂನ್ 4ರಂದು, ಬೆಂಗಳೂರಿನಿಂದ ಐದು ಎಎನ್-32 ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಹೊರಟು ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿ ಉದುರಿಸಿ ಬಂದವು. ಬೇರೆ ದೇಶದ ಆಕಾಶಕ್ಕೆ ಅನುಮತಿಯಿಲ್ಲದೆ ನುಗ್ಗಿದ್ದು ಕಾನೂನಿನ ಕಣ್ಣಿಗೆ ತಪ್ಪೇ. ಆದರೂ ಯಾರ ಪ್ರಾಣವೂ ಹೋಗಲಿಲ್ಲ. ಇಲ್ಲಿಗೇ ಪುಸ್ತಕ ಮುಚ್ಚಿದ್ದರೆ ಬೆಂಥಾಮ್ ಸಾಹೇಬರು ಪೂರ್ಣಾಂಕ ಕೊಡುತ್ತಿದ್ದರೇನೋ.

ಮುಚ್ಚಲಿಲ್ಲ. ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಯಲು ನಮ್ಮ ಸೈನ್ಯ ಹೋಯಿತು. ಬಂದೂಕು ಕೆಳಗಿಡಬೇಕಾದ ಎಲ್‌ಟಿಟಿಇಯ ಸಹಿ ಮಾತ್ರ ಆ ಕಾಗದದಲ್ಲಿರಲಿಲ್ಲ! ಅಕ್ಟೋಬರ್ ಹೊತ್ತಿಗೆ, ಯಾರನ್ನು ಕಾಪಾಡಲು ಹೋಗಿದ್ದರೋ ಅವರ ಊರಿನ ಬೀದಿಗಳಲ್ಲೇ ನಮ್ಮ ಸೈನಿಕರು ಕಾದಾಡುವಂತಾಯಿತು. ಜಾಫ್ನಾದ ಆಸ್ಪತ್ರೆಯೊಳಗೆ ಗುಂಡು ಹಾರಿ ವೈದ್ಯರು, ದಾದಿಯರು, ರೋಗಿಗಳು ಸತ್ತರು. ಸಿಂಹಳೀಯರಿಗೂ ನಾವು ಬೇಡವಾದೆವು. ಮುಂದಿನ ಅಧ್ಯಕ್ಷ ಪ್ರೇಮದಾಸ ಹೊರಡಿ ಎಂದರು. 1990ರ ಮಾರ್ಚ್ 24ರಂದು ಕೊನೆಯ ತಂಡ ಟ್ರಿಂಕೋಮಲಿಯಿಂದ ಹಡಗು ಹತ್ತಿತು.

ಆಗಲಾದರೂ ಲೆಕ್ಕ ಮುಗಿಯಿತೇ? 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಹತ್ಯೆಯಾಯಿತು. ಆಗಸ್ಟ್ 20ರ ಬೆಳಗಿನ ಜಾವ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದಕ್ಕೆ ಕಮಾಂಡೊಗಳು ನುಗ್ಗಿದಾಗ ಸಿಕ್ಕಿದ್ದು ಶಿವರಾಸನ್, ಶುಭಾ ಸೇರಿ ಏಳು ಹೆಣಗಳು. ಅಕ್ಕಿ-ಬೇಳೆಯ ವಿಮಾನ ಹಾರಿದ ಊರಿನಲ್ಲೇ ಈ ಪುಟವೂ ಬರೆಯಲ್ಪಟ್ಟಿತು.

"ಹಾಗಾದರೆ ಹೋಗಲೇಬಾರದಿತ್ತು ಅಂತೀರಾ ಸಾರ್? ಎಪ್ಪತ್ತೊಂದರಲ್ಲಿ ಹೋಗಲಿಲ್ಲವಾ?" ಅಪ್ಪ ತಿರುಗಿ ಕೇಳಿದರು.

ಒಳ್ಳೆಯ ಪ್ರಶ್ನೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಿದ್ದರು. ಡಿಸೆಂಬರ್ 3ರಿಂದ 16ರವರೆಗೆ ಯುದ್ಧ. ಮುಂದಿನ ಮಾರ್ಚ್ ಹೊತ್ತಿಗೆ ನಮ್ಮ ಸೇನೆ ಬಾಂಗ್ಲಾದೇಶದಿಂದ ವಾಪಸ್. ಅಲ್ಲಿನ ಜನ ಮೊದಲೇ ತಾವಾಗಿ ಎದ್ದು ಹೋರಾಡುತ್ತಿದ್ದರು, ನಾವು ಜತೆಗೂಡಿದೆವು. ಹೊರಗಿನವರು ತಂದುಕೊಟ್ಟ ಸ್ವಾತಂತ್ರ್ಯ ಬಾಳುವುದು ಕಷ್ಟ ಎಂದು 1859ರಲ್ಲೇ ಬರೆದಿದ್ದವರು ಬೆಂಥಾಮರ ಶಿಷ್ಯಪರಂಪರೆಯ ಜಾನ್ ಸ್ಟುವರ್ಟ್ ಮಿಲ್. ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಸಂಬಳ ಉಂಡವರು. 'ಅನಾಗರಿಕ' ಜನಾಂಗಗಳಿಗೆ ಈ ನಿಯಮ ಇಲ್ಲ ಎಂದು ಅದೇ ಲೇಖನದಲ್ಲಿ ಸೇರಿಸಿದ್ದರು. ಆ ಪಟ್ಟಿಯಲ್ಲಿ ನಾವೂ ಇದ್ದೆವು!

ನನ್ನ ಅಭಿಪ್ರಾಯ ಕೇಳಿದರೆ, ಆಹಾರ ಹಾಕಿದ್ದು ಸರಿ. ಒಪ್ಪದವರ ಮೇಲೆ ಒಪ್ಪಂದ ಹೇರಲು ಸೈನ್ಯವನ್ನು ಬಳಸಿದ್ದು ತಪ್ಪು. ಇದನ್ನು ನೀತಿಬೋಧೆಯಾಗಿ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಎಷ್ಟು ಜೀವ ಉಳಿದೀತು ಎಂಬ ಅಂಕಿಯ ಪಕ್ಕದಲ್ಲಿ 'ಅಲ್ಲಿನವರಿಗೆ ನಾವು ಬೇಕೇ' ಎಂಬ ಕಾಲಂ ಖಾಲಿಯಿತ್ತು. ಹೊರಡುವ ಮುನ್ನ, ಆಗ ಗೊತ್ತಿದ್ದ ಸಂಗತಿಗಳಿಂದಲೇ ಅದನ್ನು ತುಂಬಬಹುದಿತ್ತು.

ಹುಡುಗಿ ಬಿಡಲಿಲ್ಲ. "2009ರಲ್ಲಿ ನಾವು ಸೈನ್ಯ ಕಳಿಸಲಿಲ್ಲ. ಯುದ್ಧದ ಕೊನೇ ತಿಂಗಳುಗಳಲ್ಲಿ ನಲವತ್ತು ಸಾವಿರದಷ್ಟು ನಾಗರಿಕರು ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ಸಮಿತಿ ಹೇಳಿದೆ. ಹೋಗದೇ ಇದ್ದಿದ್ದರ ಲೆಕ್ಕ ಎಲ್ಲಿ ಬರೀಬೇಕು ಸಾರ್?"

ನನ್ನ ಬಳಿ ಉತ್ತರವಿರಲಿಲ್ಲ. ಬಸ್ಸು ಶಿವಮೊಗ್ಗದ ನಿಲ್ದಾಣಕ್ಕೆ ಬಂದಿತ್ತು. ಭದ್ರಾವತಿ ಬಸ್ಸಿಗೆ ಧಾವಿಸುತ್ತಲೇ ಅಪ್ಪ ಮಗಳಿಗೆ ಹೇಳಿದರು: "ಆ ಇಪ್ಪತ್ತೈದು ಟನ್ ತಿಂದು ಬದುಕಿದವರು ಎಷ್ಟು ಜನ ಅಂತಲೂ ಹುಡುಕಮ್ಮ. ಸತ್ತವರನ್ನಷ್ಟೇ ಎಣಿಸಬೇಡ."